ಮೇಲೂರಿನ ನೀರು, ಕೆಳಗೂರಿನ ಚಹಾ

ಹರಿಹರ, ಹೊಳೆಯ ಮೆಟ್ಟಿಲು

ವಿದೇಶಕ್ಕೆ ಹೋಗಿ ಬಂದವನು ಕೇಳಿದವರಿಗೆಲ್ಲ ಅದೇ ಕಥೆಯನ್ನು ಹೇಳುತ್ತ ಹೋದರೆ, ಕೆಲವು ತಿಂಗಳಲ್ಲಿ ಅದು ನಡೆದದ್ದಕ್ಕಿಂತ ಚೆನ್ನಾಗಿ ಆಗಿಬಿಡುತ್ತದೆ. ನನ್ನ ಇಂಗ್ಲೆಂಡಿನ ಕಥೆ ದಾವಣಗೆರೆಯ ವಿದ್ಯಾನಗರದ ಓಣಿಯಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಹರಿಹರದಲ್ಲಿ ಮಾವನವರ ಅಂಗಡಿಯ ಕಟ್ಟೆಯ ಮೇಲೆ ಈಗಾಗಲೇ ಎಷ್ಟೋ ಸಲ ತಿಕ್ಕಿಸಿಕೊಂಡು ಹೊಳೆಯುತ್ತಿದೆ. ಅದಕ್ಕೇ ಬರೆಯಲು ಕೂತಾಗ ದಿನಚರಿಯನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಅದರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ದಿನಚರಿಯನ್ನು ಮಲಗುವ ಮುಂಚೆ ಬರೆಯುತ್ತೇವೆ. ಮಧ್ಯಾಹ್ನ ಪೆದ್ದನಾಗಿದ್ದವನನ್ನು ಮಲಗುವ ಮುಂಚೆ ಬರೆಯುವವನು ಸ್ವಲ್ಪವಾದರೂ ತಿದ್ದದೆ ಬಿಡುವುದಿಲ್ಲ.

ನಾನು ಹೋದದ್ದು ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಯಾಕೆ ಹೋದೆ ಎಂದು ಮೊದಲು ಹೇಳಬೇಕು. ದಾವಣಗೆರೆಯ ಹೊಸ ಬಡಾವಣೆಗಳಿಗೆ ಒಳಚರಂಡಿ ಆಗಬೇಕಿತ್ತು. ಒಳಚರಂಡಿ ಎಂದ ಮೇಲೆ ಅದರ ನೀರು ಎಲ್ಲಿಗಾದರೂ ಹೋಗಬೇಕಲ್ಲ. ಎಕ್ಸಿಕ್ಯೂಟಿವ್ ಇಂಜಿನಿಯರ್ ಪರಮೇಶ್ವರಪ್ಪನವರು ನಕಾಶೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆ ನಮ್ಮೂರಿನಿಂದ ಹೊರಟು, ಹಳ್ಳ ಹಿಡಿದು, ಹರಿಹರದವರು ಸ್ನಾನ ಮಾಡುವ ಮೆಟ್ಟಿಲುಗಳಿಗಿಂತ ಸ್ವಲ್ಪ ಮೇಲೆ ತುಂಗಭದ್ರೆಯನ್ನು ಸೇರುತ್ತಿತ್ತು. ಇಳಿಜಾರು ಆ ಕಡೆಗಿತ್ತು, ಪಂಪು ಬೇಕಿರಲಿಲ್ಲ. ಶುದ್ಧ ಮಾಡುವ ತೊಟ್ಟಿಗಳನ್ನು ಎರಡನೆಯ ಹಂತದಲ್ಲಿ ಕಟ್ಟುವುದಾಗಿ ಪಕ್ಕದಲ್ಲಿ ಬರೆದಿತ್ತು. ನಮ್ಮ ಯೋಜನೆಗಳಲ್ಲಿ ಎರಡನೆಯ ಹಂತ ಎಂದರೆ ಏನು ಎಂಬುದನ್ನು ಈ ಬರಹದ ಓದುಗರಿಗೆ ವಿವರಿಸಬೇಕಿಲ್ಲ.

ಕಾಲೇಜಿನಲ್ಲಿ ಈ ವಿಷಯ ಪಾಠ ಮಾಡುತ್ತಾನೆಂದು ಆ ಯೋಜನೆಯ ಸಮಿತಿಗೆ ನನ್ನನ್ನೂ ಸೇರಿಸಿದ್ದರು. ಗೆರೆ ಸರಿಯಿಲ್ಲ ಎಂದು ನಾನು ಅಂದೆ. ಅಂದೆನೋ ಅಥವಾ ಗಂಟಲು ಸರಿಮಾಡಿಕೊಂಡೆನೋ, ಖಚಿತವಿಲ್ಲ. ಬೇರೆ ದೇಶಗಳಲ್ಲಿ ಹೇಗೆ ಮಾಡುತ್ತಾರೆ ಎಂದು ಯಾರೋ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ನದಿ ಪ್ರದೇಶಗಳ ಯೋಜನೆಯ ಬಗ್ಗೆ ಒಂದು ತರಬೇತಿಗೆ ನನಗೆ ಕರೆ ಬಂದಿತ್ತು. ಪರಮೇಶ್ವರಪ್ಪನವರು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೇಳಿದರು:

"ಹೋಗಿ ನೋಡ್ಕಂಡು ಬರ್ರಿ ಸಾರ್. ನೀವು ಬಂದ ಮೇಲೆ ಈ ಗೆರೆಗೆ ಇಂಕ್ ಹಾಕಾಣ."

ಪೆನ್ಸಿಲು ಇಂಕ್ ಆಗುವ ಮುಂಚೆ ನಾನು ಏನಾದರೂ ಕಲಿತು ಬರಬೇಕಿತ್ತು. ಇಲ್ಲದಿದ್ದರೆ ನನ್ನ ಹೆಂಡತಿ ಗಿರಿಜೆಯ ತವರಿನವರು ನಮ್ಮೂರಿನ ಬಚ್ಚಲಲ್ಲಿ ಮುಳುಗಿ ಏಳಬೇಕಾಗುತ್ತಿತ್ತು. ಅವಳ ತವರು ಹರಿಹರ. ಅವಳ ತಂದೆ ವೀರಭದ್ರಪ್ಪನವರಿಗೆ ಅಲ್ಲಿ ಪಾತ್ರೆ ಅಂಗಡಿ. ದಿನವೂ ಬೆಳಿಗ್ಗೆ ಹೊಳೆಯಲ್ಲಿ ಸ್ನಾನ ಮಾಡದೆ ಅವರು ಅಂಗಡಿಯ ಬೀಗ ತೆಗೆಯುವುದಿಲ್ಲ.

ಹೊರಡುವ ಹಿಂದಿನ ದಿನ ಅವರು ಎದೆಮಟ್ಟದ ನೀರಿನಲ್ಲಿ ನಿಂತೇ ನನ್ನನ್ನು ಬೀಳ್ಕೊಟ್ಟರು. ನಾನು ಅವರ ಟವೆಲ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ.

"ಅಲ್ರೀ ಅಳಿಯಂದ್ರೆ, ಕುಡಿಯಾಕೆ ನಿಮಗೆ ನಮ್ಮ ಹೊಳಿ ನೀರು ಬೇಕು. ಕುಡಿದು ಮುಗಿಸಿದ ಮ್ಯಾಲೆ ಅದನ್ನ ಮತ್ತೆ ನಮಗೇ ಕಳಸ್ತೀರಿ. ಬಳಸಿದ ಪಾತ್ರಿ ವಾಪಸ್ ತರೋ ಗಿರಾಕೀನ ನಾನು ಅಂಗಡ್ಯಾಗೂ ನೋಡೀನಿ. ಆದ್ರೆ ಅವರು ತೊಳದಾದ್ರೂ ತರ್ತಾರೆ."

"ಗೆರೆ ಎಳೆದವನು ನಾನಲ್ಲ ಮಾವಾರೆ."

"ಅಳಸಿದೋರೂ ನೀವಲ್ಲಲ್ಲ." ಅವರು ಒಮ್ಮೆ ಮುಳುಗಿ ಎದ್ದರು. "ಹೋಗ್ಲಿ ಬಿಡ್ರಿ. ಅಲ್ಲಿ ಒಂದೇ ಮಾತು ಕೇಳ್ಕಂಡು ಬರ್ರಿ. ಮ್ಯಾಲಿನ ಊರೋನು ಹೊಲಸು ಬಿಟ್ರೆ ಕೆಳಗಿನ ಊರೋನು ಯಾರ ಹತ್ರ ಹೇಳ್ಕೋಬೇಕು? ಮ್ಯಾಲಿನೋನಿಗೆ ಬೈಯೋರು ಯಾರು? ಇಷ್ಟ ನೋಡ್ರಿ."

ಹಿಂದೆ ನಿಂತಿದ್ದ ಗಿರಿಜೆ ಮೆಲ್ಲಗೆ ಹೇಳಿದಳು: "ಹೂಂ ಅನ್ರಿ. ಇಲ್ಲಾಂದ್ರೆ ಒದ್ದೆ ಮೈಯಾಗೇ ಸ್ಟೇಷನ್‌ಗೆ ಬರ್ತಾರೆ."

ಹೂಂ ಅಂದೆ. ಮಾವನವರು ಮೈ ಒರೆಸಿಕೊಂಡು, ನಾನು ಉಳಿಯಲಿರುವ ಮನೆಯವರಿಗೆಂದು ಹೊಸ ಹಿತ್ತಾಳೆ ತಂಬಿಗೆಯೊಂದನ್ನು ಕೊಟ್ಟರು. ಅದರ ಕಂಠದ ಸುತ್ತ ಅಂಗಡಿಯ ಉಳಿಯಿಂದ ಹೆಸರು ಕೆತ್ತಿಸಿದ್ದರು: ಹರಿಹರದ ವೀರಭದ್ರಪ್ಪನವರ ಕೊಡುಗೆ.

ದಾವಣಗೆರೆ, ದರ್ಜಿ ಅಂಗಡಿ

ಕೋಟಿನ ವಿಷಯ ಬಿಡೋಣವೆಂದರೆ ಅದು ನನ್ನನ್ನು ಬಿಡಲಿಲ್ಲ. ನಮ್ಮ ದರ್ಜಿ ಖಾದರ್ ಸಾಬರು ಒಳಗೆ ಕಂಬಳಿಯ ಪದರ ಕೊಟ್ಟು ಒಂದು ಕೋಟು ಹೊಲಿದಿದ್ದರು. ತೊಟ್ಟರೆ ಕೈಗಳು ಮೈಗೆ ಅಂಟದೆ ಆಚೀಚೆ ನಿಲ್ಲುತ್ತಿದ್ದವು.

"ಇಷ್ಟು ದಪ್ಪ ಬೇಕಿತ್ತಾ ಸಾಬರೆ?"

"ಬೇಕು ಸಾರ್. ಅಲ್ಲಿ ಬಹುತ್ ಥಂಡಿ. ನಮ್ಮ ಚಾಚಾ ಹೇಳಿದಾರೆ."

"ನಿಮ್ಮ ಚಾಚಾ ಇಂಗ್ಲೆಂಡಿಗೆ ಹೋಗಿದ್ರಾ?"

"ಇಲ್ಲ ಸಾರ್. ಊಟಿಗೆ ಹೋಗಿದ್ರು."

ಊಟಿಯ ಆಧಾರದ ಮೇಲೆ ಹೊಲಿದ ಆ ಕೋಟನ್ನು ತೊಟ್ಟು ನಾನು ಇಳಿದ ದಿನ ಇಂಗ್ಲೆಂಡಿನಲ್ಲಿ ಜನ ಅಂಗಿ ಬಿಚ್ಚಿ ಹುಲ್ಲಿನ ಮೇಲೆ ಮಲಗಿದ್ದರು. ಹುಲ್ಲು ನಮ್ಮ ಶಾಮನೂರು ಕಡೆಯ ಬೇಸಿಗೆಯ ಬಯಲಿನಂತೆ ಕಂದು ತಿರುಗಿತ್ತು. ಆ ವರ್ಷ ಅಲ್ಲಿ ಮಳೆ ಕೈಕೊಟ್ಟಿತ್ತು. ನೀರಿನ ಯೋಜನೆ ಕಲಿಯಲು ದಾವಣಗೆರೆಯಿಂದ ಹೋದವನಿಗೆ ಸ್ವಾಗತ ಕೋರಿದ್ದು ನಿಲ್ದಾಣದ ಗೋಡೆಯ ಮೇಲಿನ ಒಂದು ದೊಡ್ಡ ಫಲಕ. ನೀರು ಉಳಿಸಿ ಎಂದು ಅದರಲ್ಲಿ ಬರೆದಿತ್ತು. ಇದನ್ನು ಓದಲು ಇಷ್ಟು ದೂರ ಬರಬೇಕಿತ್ತೇ ಎಂದು ಒಂದು ಕ್ಷಣ ಅನ್ನಿಸಿತು.

ಕೆಳಗೂರು

ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿಯ ಒಬ್ಬ ಅಧಿಕಾರಿಯ ಅತ್ತೆಯ ವಿಷಯ ಮುಂದೆ ಬರುತ್ತದೆ. ಅವರು ಕನ್ನಡ ಓದುವುದಿಲ್ಲ ನಿಜ, ಆದರೆ ಆ ಹೆಂಗಸಿಗೆ ಗೊತ್ತಾಗದ ಸಂಗತಿಯನ್ನು ನಾನು ಕಂಡಿಲ್ಲ. ಉತ್ತರ ಇಂಗ್ಲೆಂಡಿನ ಒಂದು ಹೊಳೆ, ಅದರ ದಂಡೆಯ ಮೇಲೆ ಎರಡು ಊರು. ಮೇಲಿನದನ್ನು ಮೇಲೂರು ಎನ್ನುತ್ತೇನೆ, ಕೆಳಗಿನದನ್ನು ಕೆಳಗೂರು. ಎರಡರ ನಡುವಿನ ದೂರ ಹೆಚ್ಚು ಕಡಿಮೆ ದಾವಣಗೆರೆಗೂ ಹರಿಹರಕ್ಕೂ ಇರುವಷ್ಟೇ. ಒಂದರ ಮಾತು ಬಂದರೆ ಇನ್ನೊಂದು ಊರಿನವರ ಮೂಗು ಸ್ವಲ್ಪ ಮೇಲೇರುತ್ತದೆ. ಅದರಲ್ಲೂ ನಮ್ಮ ಹಾಗೆಯೇ.

ನನಗೆ ಉಳಿಯಲು ಸಿಕ್ಕಿದ್ದು ಕೆಳಗೂರಿನ ಮಿಸೆಸ್ ಕ್ಲೆಗ್ ಎಂಬ ವಿಧವೆಯ ಮನೆ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿ, ಗೌರವದಿಂದ ಅದನ್ನು ಚಳಿ ಕಾಯಿಸಿಕೊಳ್ಳುವ ಒಲೆಗೂಡಿನ ಮೇಲೆ, ತೀರಿಹೋದ ಗಂಡ ಚೆಂಡುರುಳಿಸುವ ಆಟದಲ್ಲಿ ಗೆದ್ದ ಬೆಳ್ಳಿ ಬಟ್ಟಲುಗಳ ಸಾಲಿನಲ್ಲಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮದು ಯಾವ ಆಟ ಎಂದು ಕೇಳಿದರು. ಇದು ನೀರು ಕುಡಿಯುವ ಪಾತ್ರೆ ಎಂದು ಹೇಳಿದೆ. ನೀರು ಕುಡಿಯುವುದಕ್ಕೂ ನಿಮ್ಮಲ್ಲಿ ಬಹುಮಾನ ಕೊಡುತ್ತಾರೆಯೇ ಎಂದರು. ಬೇಸಿಗೆಯ ಕೊನೆಯಲ್ಲಿ ಕೊಟ್ಟರೂ ತಪ್ಪಿಲ್ಲ ಎಂದೆ.

ಮೊದಲ ವಾರದಲ್ಲೇ ಅವರಿಗೆ ನನ್ನ ಮೇಲೆ ವಿಶ್ವಾಸ ಬಂತು. ಕಾರಣ ನನ್ನ ಓದಲ್ಲ, ನನ್ನ ಸ್ನಾನ. ಅವರದು ಮಲಗುವ ತೊಟ್ಟಿ. ಅದರಲ್ಲಿ ಮಲಗಿದರೆ ತೊಳೆದ ಕೊಳೆಯ ಜೊತೆಯಲ್ಲೇ ತೇಲಬೇಕಾಗುತ್ತದೆ. ನಾನು ಒಂದು ಬಕೆಟ್, ಒಂದು ಡಬ್ಬಿ ಕೇಳಿ ಪಡೆದು ನಮ್ಮ ಪದ್ಧತಿಯಂತೆ ಮುಗಿಸುತ್ತಿದ್ದೆ. ಒಂದೇ ಬಕೆಟ್ಟಿನಲ್ಲಿ ಒಬ್ಬ ಮನುಷ್ಯ ಪೂರ್ತಿ ಶುಚಿಯಾಗುತ್ತಾನೆ ಎಂಬ ಸುದ್ದಿ ಬೇಲಿಯಿಂದ ಬೇಲಿಗೆ ಹೋಯಿತು. ನೆರೆಯವರೊಬ್ಬರು ನನ್ನ ಕಿವಿಯ ಹಿಂಭಾಗವನ್ನು ಪರೀಕ್ಷಿಸುವಂತೆ ನೋಡಿದರು. ಇದು ನನ್ನ ಕಲ್ಪನೆಯೂ ಇರಬಹುದು.

ಸಂಜೆಯ ಚಹಾಕ್ಕೆ ತಪ್ಪದೆ ಬರುತ್ತಿದ್ದವರು ಅವರ ಅಳಿಯ ಡಾಬ್ಸನ್. ಎರಡು ಮನೆ ಆಚೆಗೆ ಅವರ ವಾಸ. ಕೆಲಸ ಮೇಲೂರಿನಲ್ಲಿ, ಅಲ್ಲಿಯ ಒಳಚರಂಡಿ ನೀರನ್ನು ಶುದ್ಧಮಾಡಿ ಹೊಳೆಗೆ ಬಿಡುವ ಸ್ಥಾವರದ ಮುಖ್ಯಸ್ಥ. ನಮ್ಮ ತರಬೇತಿಯಲ್ಲೂ ಪಾಠ ಮಾಡುತ್ತಿದ್ದರು. ಹಗಲು ತಲೆ ಎತ್ತಿ ಮಾತಾಡುವ ಆ ಎತ್ತರದ ಮನುಷ್ಯ ಸಂಜೆ ಅತ್ತೆಯ ಎದುರು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಮಿಸೆಸ್ ಕ್ಲೆಗ್ ಚಹಾ ಬಗ್ಗಿಸಿ, ತಮ್ಮ ಬಟ್ಟಲನ್ನು ಮೂಗಿನ ಹತ್ತಿರ ತಂದು ಮೂಸಿ, ಒಂದು ಗುಟುಕು ಕುಡಿದು, ಅಳಿಯನ ಮುಖ ನೋಡುತ್ತಿದ್ದರು. ಕೆಲವು ದಿನ ತಲೆಯಾಡಿಸುತ್ತಿದ್ದರು. ಕೆಲವು ದಿನ ಕೇಳುತ್ತಿದ್ದರು:

"ರೊನಾಲ್ಡ್, ಇವತ್ತು ಏನು ಮಾಡಿದೆ?"

ಡಾಬ್ಸನ್ ಕೆಮ್ಮುತ್ತಿದ್ದರು. ಅಳಿಯಂದಿರ ಆ ಕೆಮ್ಮು ನನಗೆ ಗುರುತಿನದು. ಆದರೆ ಚಹಾಕ್ಕೂ ಆ ಪ್ರಶ್ನೆಗೂ ಏನು ಸಂಬಂಧವೆಂದು ಆಗ ಹೊಳೆದಿರಲಿಲ್ಲ.

ಬೀದಿ ನಲ್ಲಿ

ಬರ ಜೋರಾಗಿ ಒಂದು ದಿನ ಮನೆಯ ನಲ್ಲಿಗಳು ನಿಂತವು. ಬೀದಿಯ ಮೂಲೆಯಲ್ಲಿ ಒಂದು ನಲ್ಲಿ ನೆಟ್ಟು, ಎಲ್ಲರೂ ಅಲ್ಲಿಂದ ಹಿಡಿಯಬೇಕೆಂದರು. ಮಿಸೆಸ್ ಕ್ಲೆಗ್ ಕಂಗಾಲಾದರು. ನನಗೆ ಒಳಗೊಳಗೇ ಉತ್ಸಾಹ ಬಂತು. ಆ ದೇಶದಲ್ಲಿ ನಾನು ಪಳಗಿದ ಕೈ ಎನಿಸಿಕೊಳ್ಳುವ ಕೆಲಸ ಕೊನೆಗೂ ಒಂದು ಸಿಕ್ಕಿತ್ತು. ಬಕೆಟ್ ನನಗೆ ಕೊಡಿ ಎಂದೆ.

ಹೋಗಿ ನೋಡಿದರೆ ಮಾರುದ್ದದ ಸಾಲು. ಎಲ್ಲರೂ ತಮ್ಮ ತಮ್ಮ ಬಕೆಟ್ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಯಾರೂ ತಳ್ಳುತ್ತಿರಲಿಲ್ಲ. ನನಗೆ ಅಯ್ಯೋ ಅನ್ನಿಸಿತು. ದಾವಣಗೆರೆಯಲ್ಲಿ ಯಾವ ಮನೆಯವರು ನಲ್ಲಿಯ ಮುಂದೆ ಹೀಗೆ ನಿಲ್ಲುತ್ತಾರೆ? ಕೊಡವನ್ನು ಸಾಲಿನಲ್ಲಿಟ್ಟು ಮನೆಗೆ ಹೋಗುತ್ತೇವೆ. ಕೊಡ ನಿಂತಿದ್ದರೆ ನಾವು ನಿಂತಂತೆ. ಕೊಡ ಇಲ್ಲದಿದ್ದರೆ ಒಂದು ಕಲ್ಲಿಟ್ಟರೂ ನಡೆಯುತ್ತದೆ. ನಾನು ಬಕೆಟ್ಟನ್ನು ಸಾಲಿನ ಕೊನೆಯಲ್ಲಿ ಇಟ್ಟು, ಮುಂದಿನವರಿಗೆ ನಮಸ್ಕಾರದಂತೆ ತಲೆ ಬಾಗಿಸಿ, ಹೊಳೆಯ ಕಡೆ ತಿರುಗಾಡಲು ಹೋದೆ.

ವಾಪಸ್ಸು ಬಂದಾಗ ಸಾಲು ಮುಂದೆ ಹೋಗಿತ್ತು. ಬಕೆಟ್ ಇರಲಿಲ್ಲ. ಕೇಳಿದರೆ, ಯಾರೋ ಮರೆತು ಹೋದರೆಂದು ಸಜ್ಜನರೊಬ್ಬರು ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿದ್ದರು.

ಠಾಣೆಯಲ್ಲಿದ್ದ ಕಾನ್‌ಸ್ಟೇಬಲ್ ಬಹಳ ಸಾವಧಾನದ ಮನುಷ್ಯ. ನನ್ನ ವಿವರಣೆಯನ್ನು ಪೂರ್ತಿ ಕೇಳಿದ.

"ಅಂದರೆ ಬಕೆಟ್ ನಿಮ್ಮ ಪರವಾಗಿ ನಿಂತಿತ್ತು."

"ಹೌದು."

"ನಿಮ್ಮಲ್ಲಿ ಅದನ್ನು ದಾಟಿ ಯಾರೂ ಮುಂದೆ ಹೋಗುವುದಿಲ್ಲವೇ?"

ದೇಶದ ಮಾನದ ಪ್ರಶ್ನೆ. ಇಲ್ಲ ಎಂದೆ. ನಮ್ಮ ಬೀದಿಯಲ್ಲಿ ಕೊಡಗಳ ಸ್ಥಾನಪಲ್ಲಟದ ಬಗ್ಗೆ ನಡೆಯುವ ಮಾತುಕತೆ, ಅದರಲ್ಲಿ ಬರುವ ಪೂರ್ವಜರ ಉಲ್ಲೇಖ, ಇದನ್ನೆಲ್ಲ ಬಿಟ್ಟುಬಿಟ್ಟೆ. ಆತ ಬಕೆಟ್ ಹಿಂತಿರುಗಿಸಿ, ಒಳ್ಳೆಯ ಪದ್ಧತಿ ಎಂದ.

ಮಾರನೆಯ ಬೆಳಿಗ್ಗೆ ಮಿಸೆಸ್ ಕ್ಲೆಗ್ ತಮ್ಮ ಬಕೆಟ್ಟನ್ನು ಸಾಲಿನಲ್ಲಿ ಇಟ್ಟು ಬಂದು, ಕಿಟಕಿಯ ಹಿಂದೆ ಕೂತು ಕಾವಲು ಕಾದರು. ಯಾರೂ ಮುಟ್ಟಲಿಲ್ಲ. ಆ ವಾರದ ಕೊನೆಗೆ ಆ ಬೀದಿಯಲ್ಲಿ ಬಕೆಟ್‌ಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು, ಹೆಂಗಸರು ಮರದ ನೆರಳಲ್ಲಿ ಕೂತು ಮಾತಾಡುತ್ತಿದ್ದರು. ಹೀಗೆಂದು ನಾನು ಎಲ್ಲ ಕಡೆ ಹೇಳುತ್ತ ಬಂದಿದ್ದೇನೆ. ದಿನಚರಿಯಲ್ಲಿ ನೋಡಿದರೆ "ಕೆಲವು ಬಕೆಟ್‌ಗಳು" ಎಂದಷ್ಟೇ ಇದೆ. ಕೆಲವೇ ಇರಲಿ. ಹೋದ ದೇಶಕ್ಕೆ ನಾನು ಕೊಟ್ಟ ತಾಂತ್ರಿಕ ನೆರವು ಅದೊಂದೇ.

ನದಿಯ ಕಚೇರಿ

ತರಬೇತಿ ನಡೆಯುತ್ತಿದ್ದದ್ದು ಆ ಹೊಳೆಯ ಕಚೇರಿಯಲ್ಲಿ. ಹೊಳೆಗೇ ಒಂದು ಕಚೇರಿ. ಇದು ನನಗೆ ಹೊಸದಾಗಿತ್ತು. ನಮ್ಮಲ್ಲಿ ಕುಡಿಯುವ ನೀರು ಒಬ್ಬರದು, ಕಾಲುವೆ ಇನ್ನೊಬ್ಬರದು, ಚರಂಡಿ ಮತ್ತೊಬ್ಬರದು, ಹೊಳೆ ಯಾರದೂ ಅಲ್ಲ. ಅಲ್ಲಿ ಗುಡ್ಡದಲ್ಲಿ ಹುಟ್ಟುವ ಜಾಗದಿಂದ ಸಮುದ್ರದವರೆಗೆ, ಕೊಡುವ ನೀರು, ಬಿಡುವ ನೀರು, ಮೀನು ಹಿಡಿಯುವವರ ದೂರು ಎಲ್ಲ ಒಂದೇ ಸೂರಿನಡಿ. ಗೋಡೆಯ ತುಂಬ ಹೊಳೆಯ ನಕಾಶೆ. ಸ್ವಚ್ಛವಿರುವ ಕಡೆ ಒಂದು ಬಣ್ಣ, ಸುಮಾರಾದ ಕಡೆ ಇನ್ನೊಂದು, ಕೆಟ್ಟ ಕಡೆ ಕೆಂಪು. ಮೇಲೂರಿನ ಕೆಳಗೆ ಹಿಂದೊಮ್ಮೆ ಪೂರ್ತಿ ಕೆಂಪಿತ್ತಂತೆ. ಈಗ ಇಲ್ಲ. ಮಾವನವರ ಮೆಟ್ಟಿಲು ಈ ನಕಾಶೆಯಲ್ಲಿ ಇದ್ದಿದ್ದರೆ ಯಾವ ಬಣ್ಣದಲ್ಲಿರುತ್ತಿತ್ತು ಎಂದು ಯೋಚಿಸುತ್ತ, ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಒಂದು ಪಾಠದ ಕೊನೆಯಲ್ಲಿ ಎದ್ದು ನಿಂತು ಮಾವನವರ ಪ್ರಶ್ನೆ ಕೇಳಿದೆ. ಮೇಲಿನ ಊರಿನವನಿಗೆ ಬೈಯುವವರು ಯಾರು?

ಪಾಠ ಮಾಡುತ್ತಿದ್ದ ಅಧಿಕಾರಿಗೆ ಸಂತೋಷವಾಯಿತು. ಒಂದು ದೊಡ್ಡ ಹಾಳೆ ಬಿಡಿಸಿ ತೋರಿಸಿದರು. ಅದರ ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಉಪಸಮಿತಿಯಿಂದ ಸಮಿತಿಗೆ, ಸಮಿತಿಯಿಂದ ಮಂಡಳಿಗೆ, ಮಂಡಳಿಯಿಂದ ಸಲಹೆಗಾಗಿ ಮತ್ತೆ ಉಪಸಮಿತಿಗೆ. ನಾನು ಎಲ್ಲವನ್ನೂ ಬರೆದುಕೊಂಡೆ. ಮನೆಗೆ ಬಂದು ಓದಿ ನೋಡಿದರೆ ಬಾಣಗಳೆಲ್ಲ ಸರಿಯಾಗಿದ್ದವು, ಬೈಯುವವರು ಮಾತ್ರ ಯಾವ ಚೌಕದಲ್ಲೂ ಇರಲಿಲ್ಲ. ಇದನ್ನು ಹರಿಹರದ ಮೆಟ್ಟಿಲ ಮೇಲೆ ಹೇಗೆ ವಿವರಿಸುವುದು? ವಾಪಸ್ಸು ಹೋಗುವ ದಿನ ಹತ್ತಿರ ಬರುತ್ತಿತ್ತು. ಪರಮೇಶ್ವರಪ್ಪನವರ ಕಿವಿಯ ಮೇಲಿನ ಪೆನ್ಸಿಲು ಕಣ್ಣಿಗೆ ಕಟ್ಟುತ್ತಿತ್ತು.

ಮೇಲೂರು

ಡಾಬ್ಸನ್ ತಮ್ಮ ಸ್ಥಾವರ ತೋರಿಸಲು ನಮ್ಮನ್ನು ಕರೆದುಕೊಂಡು ಹೋದ ದಿನ ಬಿಸಿಲು ಸುಡುತ್ತಿತ್ತು. ಅಧಿಕೃತ ಭೇಟಿ ಎಂದು ನಾನು ಖಾದರ್ ಸಾಬರ ಕೋಟು ತೊಟ್ಟಿದ್ದೆ. ತೊಟ್ಟಿಯಿಂದ ತೊಟ್ಟಿಗೆ ಏರಿ ಇಳಿದು ನಾಲಗೆ ಒಣಗಿತ್ತು. ಕೊನೆಗೆ ಒಂದು ಕೋಣೆಯ ಬಾಗಿಲಿಗೆ ಬಂದೆವು. ಒಳಗಿನಿಂದ ಬಿಳಿ ಕೋಟಿನ ಹೆಣ್ಣುಮಗಳೊಬ್ಬಳು ನಗುತ್ತ ತಟ್ಟೆಯಲ್ಲಿ ನೀರು ತುಂಬಿದ ಗಾಜಿನ ಲೋಟಗಳನ್ನು ಹಿಡಿದು ಹೊರಗೆ ಬಂದಳು.

ಇಲ್ಲಿ ನಾನು ನಮ್ಮ ಕಡೆಯವರನ್ನು ಸಾಕ್ಷಿಗೆ ಕರೆಯುತ್ತೇನೆ. ಮನೆಗೆ ಯಾರೇ ಬರಲಿ, ಹೊಸ್ತಿಲ ಹತ್ತಿರ ಮೊದಲು ನೀರು ಕೊಡುತ್ತೇವೆ. ಬೇಕೇ ಎಂದು ಕೇಳುವುದಿಲ್ಲ. ಕೊಟ್ಟದ್ದನ್ನು ಬೇಡವೆಂದರೆ ಕೊಟ್ಟವರಿಗೆ ಅವಮಾನ. ಇಂಗ್ಲೆಂಡಿಗೆ ಬಂದ ಮೇಲೆ ಯಾರೊಬ್ಬರೂ ನನಗೆ ಬಾಗಿಲಲ್ಲಿ ನೀರು ಕೊಟ್ಟಿರಲಿಲ್ಲ. ನನ್ನ ಮನಸ್ಸು ತುಂಬಿಬಂತು. ಲೋಟ ತೆಗೆದುಕೊಂಡು, ತುಟಿಗೆ ತಾಗಿಸದೆ ಮೇಲೆತ್ತಿ, ಗಟಗಟನೆ ಪೂರ್ತಿ ಬಗ್ಗಿಸಿಕೊಂಡೆ.

ಲೋಟ ಇಳಿಸಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆಣ್ಣುಮಗಳ ನಗು ಇದ್ದಲ್ಲೇ ನಿಂತಿತ್ತು. ಉಳಿದವರು ತಮ್ಮ ಲೋಟಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದರು. ಅದು ನೋಡಲು ತಂದ ನೀರು. ಮೇಲೂರಿನ ಸಮಸ್ತ ಜನರ ಬಚ್ಚಲು, ಪಾಯಿಖಾನೆಗಳಿಂದ ಬಂದು, ಎಲ್ಲ ತೊಟ್ಟಿ ದಾಟಿ, ಹೊಳೆಗೆ ಹೋಗಲು ಸಿದ್ಧವಾಗಿದ್ದ ನೀರು.

ಡಾಬ್ಸನ್ ಮುಖ ಸುಣ್ಣದಂತಾಯಿತು. ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿ ವೈದ್ಯರಿಗೆ ಫೋನು ಮಾಡಿದರು. ಸುಮ್ಮನೆ ಕೂರಿಸಿ ನೋಡಿಕೊಳ್ಳಿ ಎಂದು ವೈದ್ಯರು ಹೇಳಿದರಂತೆ. ಡಾಬ್ಸನ್ ಪಕ್ಕದಲ್ಲಿ ಕೂತು ನೋಡಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ವೃತ್ತಿಯ ಕುತೂಹಲ ತಡೆಯದೆ ಕೇಳಿದರು:

"ರುಚಿ ಹೇಗಿತ್ತು?"

"ಬೇಸಿಗೆಯಲ್ಲಿ ನಮ್ಮ ಬೀದಿ ನಲ್ಲಿಯ ನೀರಿನ ಹಾಗೆ."

ಅವರು ಇದನ್ನು ಹೊಗಳಿಕೆ ಎಂದುಕೊಂಡರು. ನನಗೂ ಅದು ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಹೇಗೂ ಕೂತಿದ್ದೆವು. ಹೊಟ್ಟೆಯಲ್ಲಿ ಇಂಗ್ಲೆಂಡಿನ ಒಂದು ಊರೇ ಇತ್ತು, ಇನ್ನು ಸಂಕೋಚವೇನು ಎಂದು ಮಾವನವರ ಪ್ರಶ್ನೆಯನ್ನು ಅವರಿಗೂ ಕೇಳಿದೆ. ಡಾಬ್ಸನ್ ಆಚೀಚೆ ನೋಡಿದರು.

"ಆ ಚೌಕಗಳ ಹಾಳೆ ತೋರಿಸಿದರೇ?"

"ತೋರಿಸಿದರು."

"ಅದು ಒಳ್ಳೆಯ ಹಾಳೆ. ಅದು ಬೇಕು. ಹಣ ಅದರಿಂದಲೇ ಬರುತ್ತದೆ." ಅವರು ದನಿ ತಗ್ಗಿಸಿದರು. "ನಾನು ಹುಟ್ಟಿದ್ದು ಮೇಲೂರಿನಲ್ಲಿ. ಮದುವೆಯಾಗಿ ಕೆಳಗೂರಿನಲ್ಲಿ ಮನೆ ಮಾಡಿದೆ. ಇಲ್ಲಿಂದ ಬಿಟ್ಟ ನೀರು ಹೊಳೆಯಲ್ಲಿ ಬೆರೆತು, ಕೆಳಗೆ ಅವರು ಮತ್ತೆ ಎತ್ತಿ, ಸೋಸಿ, ಮನೆಗಳಿಗೆ ಕೊಡುತ್ತಾರೆ. ಸಂಜೆ ನನ್ನ ಅತ್ತೆ ಅದರಲ್ಲೇ ಚಹಾ ಮಾಡುತ್ತಾರೆ."

"ಈ ನದಿ ಕಚೇರಿ ಆಗುವುದಕ್ಕೆ ಮುಂಚೆ ಯಾರು ಬೈಯುತ್ತಿದ್ದರು?"

"ಮುಂಚೆಯೂ ಅತ್ತೆ ಇದ್ದರು," ಎಂದರು ಡಾಬ್ಸನ್.

ಸಂಜೆ ಚಹಾಕ್ಕೆ ಹೋಗುವ ಹೊತ್ತಿಗೆ ಸುದ್ದಿ ಮಿಸೆಸ್ ಕ್ಲೆಗ್‌ಗೆ ತಲುಪಿತ್ತು. ಅವರು ಕೆಟಲನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟರು.

"ರೊನಾಲ್ಡ್, ಮನೆಯ ಅತಿಥಿಗೆ ಆ ನೀರು ಕುಡಿಸಿದೆಯಾ?"

ಡಾಬ್ಸನ್ ಅಂದು ದಣಿದಿದ್ದರು. ಇಲ್ಲದಿದ್ದರೆ ಆ ಮಾತು ಆಡುತ್ತಿರಲಿಲ್ಲ.

"ನೀವೂ ದಿನಾ ಅದನ್ನೇ ಕುಡಿಯುವುದು, ಅಮ್ಮಾ."

ನಾನು ಒಲೆಗೂಡಿನ ಮೇಲಿನ ಮಾವನವರ ತಂಬಿಗೆಯನ್ನು ನೋಡುತ್ತ ಕೂತೆ. ಮಿಸೆಸ್ ಕ್ಲೆಗ್ ಬಟ್ಟಲಿಗೆ ಚಹಾ ಬಗ್ಗಿಸಿ, ಮೂಸಿ, ಒಂದು ಗುಟುಕು ಕುಡಿದರು.

"ಗೊತ್ತು," ಎಂದರು. "ಇಲ್ಲದಿದ್ದರೆ ನಿನ್ನನ್ನು ದಿನಾ ಯಾಕೆ ಚಹಾಕ್ಕೆ ಕರೆಯುತ್ತೇನೆ?"

ಮತ್ತೆ ಹರಿಹರ

ನನ್ನ ಹೊಟ್ಟೆಗೆ ಏನೂ ಆಗಲಿಲ್ಲ. ಒಂದು ಸೂಟ್‌ಕೇಸಿನ ತುಂಬ ವರದಿಗಳು, ತೋಳಿನ ಮೇಲೆ ಕೋಟು, ತಲೆಯ ತುಂಬ ಭಾಷಣ ಹೊತ್ತು ವಾಪಸ್ಸಾದೆ. ಸಮಿತಿಯ ಮುಂದೆ ಏನೇನು ಹೇಳಬೇಕೆಂದು ವಿಮಾನದಲ್ಲಿ, ರೈಲಿನಲ್ಲಿ ಅಭ್ಯಾಸ ಮಾಡಿದ್ದೆ. ಹೊಳೆಯ ಬಣ್ಣಗಳ ನಕಾಶೆ, ಒಂದೇ ಕಚೇರಿ, ಮೊದಲ ಹಂತದಲ್ಲೇ ತೊಟ್ಟಿಗಳು. ಪರಮೇಶ್ವರಪ್ಪನವರು ಏನು ಅಡ್ಡ ಹೇಳಬಹುದು, ಅದಕ್ಕೆ ನಾನೇನು ಉತ್ತರಿಸಬೇಕು, ಅದೂ ಸಿದ್ಧವಿತ್ತು. ಆ ಕಾಲ್ಪನಿಕ ವಾದದಲ್ಲಿ ನಾನು ಪ್ರತಿ ಸಲವೂ ಗೆಲ್ಲುತ್ತಿದ್ದೆ.

ಗಿರಿಜೆ ತವರಿನಲ್ಲೇ ಇದ್ದದ್ದರಿಂದ ಹರಿಹರದಲ್ಲಿ ಇಳಿದೆ. ಮಾವನವರು ಸ್ಟೇಷನ್ನಿಗೆ ಬಂದಿದ್ದರು. ಒಣಗಿದ ಮೈಯಲ್ಲೇ. ಮುಖದಲ್ಲಿ ಏನೋ ತೃಪ್ತಿ. ನಾನು ಕ್ಷೇಮಸಮಾಚಾರ ಮುಗಿಸಿ, ನೀವು ಕೇಳಿದ ಪ್ರಶ್ನೆಗೆ ಉತ್ತರ ತಂದಿದ್ದೇನ್ರಿ ಎಂದೆ.

"ಇರ್ಲಿ ಬಿಡ್ರಿ, ನಿಧಾನಕ್ಕೆ ಹೇಳೀರಂತೆ. ಗೆರಿ ಅಳಿಸಿ ಆತು."

"ಯಾವ ಗೆರೆ?"

"ಅದೇರೀ, ಪರಮೇಶ್ವರಪ್ಪಾರ ನೀಲಿ ಗೆರಿ. ನಮ್ಮ ಮೆಟ್ಲ ಮ್ಯಾಲೆ ಬರ್ತಿತ್ತಲ್ಲ. ಈಗ ಊರು ದಾಟಿ ಕೆಳಗೆ ಹೋಗೈತೆ. ಪಂಪ್ ಹಾಕ್ತಾರಂತೆ."

ನನ್ನ ಕೈಯಲ್ಲಿದ್ದ ಸೂಟ್‌ಕೇಸು ಒಮ್ಮೆಲೇ ಭಾರವಾಯಿತು. ಅಲ್ಲೇ ಬೆಂಚಿನ ಮೇಲೆ ಇಟ್ಟು ಕೂತೆ. ಮಾವನವರು ಪಕ್ಕದಲ್ಲಿ ಕೂತು, ಅವಸರವಿಲ್ಲದೆ ಹೇಳಿದರು. ಪರಮೇಶ್ವರಪ್ಪನವರ ಹಿರಿಮಗಳಿಗೆ ಗಂಡು ಹುಡುಕುತ್ತಿದ್ದರು. ಅವರ ಹೆಂಡತಿ ಹರಿಹರಕ್ಕೆ ಬಂದು, ಮದುವೆಗೆ ಬೇಕಾಗುವ ಪಾತ್ರೆಗಳನ್ನು ಮುಂಚಿತವಾಗಿ ನೋಡಿಕೊಂಡು ಹೋಗೋಣವೆಂದು ಮಾವನವರ ಅಂಗಡಿಗೆ ಕಾಲಿಟ್ಟಿದ್ದರು. ಗಂಡು ಇನ್ನೂ ಗೊತ್ತಾಗಿಲ್ಲವೆಂದು ತಿಳಿದ ಮಾವನವರು ಹಂಡೆ ತೋರಿಸುತ್ತಲೇ ಹೊಳೆಯ ಹತ್ತಿರದ ಬೀದಿಯ ಒಂದು ಒಳ್ಳೆಯ ಮನೆತನ, ಬ್ಯಾಂಕಿನಲ್ಲಿ ಕೆಲಸದ ಹುಡುಗ ಎಂದು ತೋರಿಸಿಬಿಟ್ಟರು.

"ಜಾತಕ ಕೂಡ್ತು. ಮನಿ ನೋಡೋ ಶಾಸ್ತ್ರಕ್ಕೆ ಪರಮೇಶ್ವರಪ್ಪಾರು ಬಂದ್ರು. ಹುಡುಗನ ತಾಯಿ ಬಾಗ್ಲಾಗೆ ತಂಬಿಗಿ ನೀರು ಕೊಟ್ಳು. ಕುಡುದ್ರು. ಸಿಹಿ ಐತಲ್ರಿ ನೀರು ಅಂದ್ರು. ಆಯಮ್ಮ ಅಂದ್ಳು, ಹೊಳೀದು ಅಣ್ಣಾರೆ, ಈಗಷ್ಟ ಮೆಟ್ಲಿಂದ ತಂದಿದ್ದು, ನಾಳೆ ನಿಮ್ಮ ಮಗಳು ತರೋದೂ ಅಲ್ಲಿಂದಾನೇ ಅಂತ."

"ಅವರು ಏನಂದರು?"

"ಬರೇ ಕೆಮ್ಮಿದ್ರು."

ಆ ಕೆಮ್ಮು ನನಗೆ ಕೂತಲ್ಲೇ ಕೇಳಿಸಿತು. ಸೂಟ್‌ಕೇಸಿನಲ್ಲಿದ್ದ ವರದಿಗಳು, ಚೌಕಗಳು, ಬಾಣಗಳು ಎಲ್ಲ ಸುಮ್ಮನೆ ಬಿದ್ದಿದ್ದವು. ಮಿಸೆಸ್ ಕ್ಲೆಗ್ ಮಾತ್ರ ಅವುಗಳ ನಡುವಿನಿಂದ ಎದ್ದು ಬಂದು, ಬಟ್ಟಲು ಮೂಸಿ, ತಲೆಯಾಡಿಸಿದಂತಾಯಿತು. ನನಗೆ ಸಂತೋಷಪಡಬೇಕೋ ಸಂಕಟಪಡಬೇಕೋ ತಿಳಿಯಲಿಲ್ಲ. ಆಮೇಲೆ ಒಂದು ಅನುಮಾನ ಬಂತು.

"ಹಂಗಾದ್ರೆ ಮಾವಾರೆ, ನಾನೂ ಹರಿಹರದ ಸಂಬಂಧಾನೇ ಮಾಡಿದ್ನಲ್ಲ. ಇಷ್ಟು ವರ್ಷ ನನ್ನಿಂದ ಯಾಕೆ ಆಗ್ಲಿಲ್ಲ?"

ಮಾವನವರು ನನ್ನನ್ನು ಕನಿಕರದಿಂದ ನೋಡಿದರು.

"ನೀವು ಇಲ್ಲಿಂದ ಹೆಣ್ಣು ತಂದೋರು ಅಳಿಯಂದ್ರೆ. ಅವ್ರು ಇಲ್ಲಿಗೆ ಹೆಣ್ಣು ಕೊಟ್ಟೋರು. ತಂದೋರಿಗೆ ಏನು ಅಂಜಿಕಿ?"

ಇದನ್ನು ನಾನು ಆ ದಿನವೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಈ ಒಂದು ಕಡೆ ನೆನಪೂ ದಿನಚರಿಯೂ ಅಕ್ಷರಕ್ಕೆ ಅಕ್ಷರ ಕೂಡುತ್ತವೆ. ಬಹುಶಃ ತಿದ್ದಿ ನನಗೆ ಅನುಕೂಲವಾಗುವಂಥದ್ದು ಅದರಲ್ಲಿ ಏನೂ ಇಲ್ಲದ್ದರಿಂದ.

ಸೂಟ್‌ಕೇಸು ಎತ್ತಿಕೊಂಡು ಹೊರಟೆವು. ಟಾಂಗಾ ಹತ್ತುವಾಗ, ತರಬೇತಿ ಪಡೆದವನ ಮರ್ಯಾದೆ ಸ್ವಲ್ಪವಾದರೂ ಉಳಿಯಲೆಂದು ಹೇಳಿದೆ:

"ಆದ್ರೂ ಮಾವಾರೆ, ಗೆರೆ ಕೆಳಗೆ ಹೋದ್ರೆ ಮುಗೀಲಿಲ್ಲ. ತೊಟ್ಟಿ ಇನ್ನೂ ಎರಡನೇ ಹಂತದಾಗೇ ಐತೆ. ನಿಮ್ಮೂರಿನ ಕೆಳಗೂ ಹೊಳಿ ದಂಡಿ ಮ್ಯಾಲೆ ಒಂದು ಊರೈತೆ. ಅವರೂ ಆ ನೀರೇ ಕುಡಿಯೋದು."

ಮಾವನವರು ಈ ಮಾತನ್ನು ನಿರೀಕ್ಷಿಸಿದ್ದರೆಂದು ಕಾಣುತ್ತದೆ. ಟಾಂಗಾದಲ್ಲಿ ಸರಿದು ಕೂತು, ನನಗೆ ಜಾಗ ಮಾಡಿಕೊಟ್ಟು, ಪಂಚೆಯ ಚುಂಗು ಸರಿಮಾಡಿಕೊಂಡರು.

"ಐತೆ. ಅಲ್ಲೂ ನಮ್ಮ ಗಿರಾಕಿಗಳದಾರೆ, ಒಳ್ಳೆ ಜನ," ಎಂದರು. "ಪರಮೇಶ್ವರಪ್ಪಾರಿಗೆ ಇನ್ನೊಬ್ಬಳು ಮಗಳದಾಳೆ. ಈಗ ಪಿಯುಸಿ ಓದ್ತಾಳಂತೆ."